ನಿಯೋವಿಮ್‌ಗೆ ಯಾವ ಕಂಪ್ಲೀಷನ್ ಪ್ಲಗಿನ್ ಹಾಕಲಿ? 4 ಜಿಬಿ ಲ್ಯಾಪ್‌ಟಾಪು, ರಾತ್ರಿ ಕೆಲಸ, ಫ್ಯಾನಿನ ಸದ್ದು

ಪ್ರಶ್ನೆ: ಡೊಂಬಿವಲಿ ಪೂರ್ವದಿಂದ

ಎಲ್ಲರಿಗೂ ನಮಸ್ಕಾರ. ನನ್ನ ಊರು ಕುಂದಾಪುರ, ಮದುವೆಯಾಗಿ ಬಂದದ್ದು ಡೊಂಬಿವಲಿಗೆ. ಮಗಳು ಹುಟ್ಟುವ ತನಕ ಪೊವಾಯಿಯ ಒಂದು ಕಂಪನಿಯಲ್ಲಿದ್ದೆ. ಲೋಕಲ್ ರೈಲಿನ ಓಡಾಟವೂ ಕೂಸೂ ಒಟ್ಟಿಗೆ ಆಗುವ ಮಾತಲ್ಲ ಎಂದು ಕೆಲಸ ಬಿಟ್ಟೆ. ಈಗ ಮನೆಯಲ್ಲೇ ಕೂತು ಬಿಡಿ ಕೆಲಸ ಹಿಡಿಯುತ್ತೇನೆ. ಸದ್ಯ ಕೈಯಲ್ಲಿರುವುದು ಭಿವಂಡಿಯ ಗೋದಾಮಿನವರೊಬ್ಬರ ಬಿಲ್ಲಿಂಗ್ ಪ್ರೋಗ್ರಾಮು, ಪೂರ್ತಿ ಪೈಥಾನ್.

ನನ್ನ ದಿನ ಶುರುವಾಗುವುದು ರಾತ್ರಿ ಹತ್ತೂವರೆಗೆ, ಮಗಳು ನಿದ್ದೆ ಹೋದ ಮೇಲೆ. ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ. ನಡುವೆ ಬಾಗಿಲಿಲ್ಲ, ಪರದೆ ಅಷ್ಟೇ. ಪಾತ್ರೆ ತೊಳೆದು, ಕಡಪ ಕಲ್ಲಿನ ಕಟ್ಟೆ ಒರೆಸಿ, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು ಎತ್ತರದ ಸ್ಟೂಲಿನಲ್ಲಿ ಕೂರುತ್ತೇನೆ. ಲ್ಯಾಪ್‌ಟಾಪು ಹಳೆಯದು, 4 ಜಿಬಿ ರ‍್ಯಾಮ್, ಉಬುಂಟು. ದೊಡ್ಡ ಎಡಿಟರ್ ಹಾಕಿದರೆ ಬ್ರೌಸರ್‌ಗೆ ಜಾಗವಿಲ್ಲ. ಹಾಗಾಗಿ ಟರ್ಮಿನಲ್‌ನಲ್ಲಿ ನಿಯೋವಿಮ್ 0.11, ಹಳೆಯ ವಿಮ್‌ನಿಂದ ಹುಟ್ಟಿದ ಹಗುರ ಎಡಿಟರ್. ಅದರಲ್ಲಿ ಕೈ ಚೆನ್ನಾಗಿ ಕೂತಿದೆ, ಬೇರೆ ಎಡಿಟರ್‌ಗೆ ಹೋಗುವ ಮನಸ್ಸಿಲ್ಲ.

ಎರಡು ತೊಂದರೆ.

ಮೊದಲನೆಯದು ಫ್ಯಾನು. ಫೈಲ್ ತೆರೆದು ಒಂದು ನಿಮಿಷವಾಗುವುದರೊಳಗೆ ಜೋರಾಗಿ ತಿರುಗಲು ಶುರು. ಕಲ್ಲಿನ ಮೇಲಿಟ್ಟದ್ದಕ್ಕೋ ಏನೋ, ಸದ್ದು ಇನ್ನೂ ದೊಡ್ಡದಾಗಿ ಕೇಳುತ್ತದೆ. ಮೊನ್ನೆ ಮಗಳು ಎದ್ದು ಬಂದು ಪರದೆ ಸರಿಸಿ, ಕಣ್ಣುಜ್ಜಿಕೊಳ್ಳುತ್ತಾ "ಅಮ್ಮ, ಮಿಕ್ಸಿ ನಿಲ್ಲಿಸು" ಎಂದಳು. ಆಮೇಲೆ ಅವಳನ್ನು ಮಲಗಿಸುವಷ್ಟರಲ್ಲಿ ನನ್ನ ಒಂದು ಗಂಟೆ ಹೋಯಿತು. ನನಗೆ ಸಿಗುವುದೇ ಮೂರು ಗಂಟೆ.

ಎರಡನೆಯದು ಇನ್ನೂ ಕೆಟ್ಟದ್ದು. ಒಂದು ಫಂಕ್ಷನ್ನಿನ ಕೊನೆಗೆ ರಿಟರ್ನ್ ಟೋಟಲ್ ಎಂದು ಬರೆದು ಎಂಟರ್ ಒತ್ತಿದೆ. ಅಷ್ಟರಲ್ಲಿ ಕಂಪ್ಲೀಷನ್ ಮೆನು, ಅಂದರೆ ಬರೆಯುತ್ತಿದ್ದಂತೆ ಪೂರ್ತಿ ಹೆಸರು ಸೂಚಿಸುವ ಪಟ್ಟಿ, ತೆರೆದಿತ್ತು. ಮೇಲಿದ್ದ ಹೆಸರನ್ನು ಅದೇ ತುಂಬಿತು: ಟೋಟಲ್_ವಿತ್_ಟ್ಯಾಕ್ಸ್. ನಾನು ನೋಡಲಿಲ್ಲ. ಆ ಫಂಕ್ಷನ್ ಕರೆಯುವ ಕಡೆ ತೆರಿಗೆ ಇನ್ನೊಮ್ಮೆ ಸೇರುತ್ತದೆ. 10,000 ರೂಪಾಯಿ ಬಾಡಿಗೆಗೆ ಶೇ. 18 ಸೇರಿ 11,800 ಬರಬೇಕಾದಲ್ಲಿ 13,924 ಬಂತು. ಗಿರಾಕಿಗೆ ಕಳಿಸುವ ಮೊದಲು ಪರೀಕ್ಷೆಯ ಬಿಲ್ಲಿನಲ್ಲೇ ಸಿಕ್ಕಿತು, ದೇವರು ದೊಡ್ಡವನು. ಆದರೆ ಅಂದಿನಿಂದ ಪ್ರತಿ ಎಂಟರ್ ಒತ್ತುವಾಗಲೂ ಕೈ ತಡೆಯುತ್ತದೆ.

ಮೊದಲು ಕೋಕ್ ಎಂಬ ಕಂಪ್ಲೀಷನ್ ಪ್ಲಗಿನ್ ಹಾಕಿದ್ದೆ. ಫ್ಯಾನಿನ ಕಾಟಕ್ಕೆ ತೆಗೆದು ಎನ್‌ವಿಮ್-ಸಿಎಂಪಿ (ಸಿಎಂಪಿ) ಎಂಬ ಇನ್ನೊಂದಕ್ಕೆ ಬಂದೆ. ಫ್ಯಾನು ಎರಡರಲ್ಲೂ ಒಂದೇ ಥರ. ಸೆಟ್ಟಿಂಗ್‌ಗಳನ್ನು ಒಂದು ವಿಡಿಯೋ ನೋಡಿ ಹಾಗೆ ಹಾಗೇ ಬರೆದುಕೊಂಡದ್ದು. ಗಿರಾಕಿಯ ಕೋಡ್ ಹೊರಗಿನ ಯಾವ ಸರ್ವರಿಗೂ ಹೋಗಬಾರದು ಎಂದು ಕರಾರಿದೆ, ಹಾಗಾಗಿ ಎಐ ಪ್ಲಗಿನ್ ಹೇಳಬೇಡಿ. ನಿಮ್ಮ ಅನುಭವದಲ್ಲಿ ಇಂಥ ಯಂತ್ರಕ್ಕೆ ಯಾವುದು ಹಗುರ? ಮೂರನೆಯ ಸಲ ಬದಲಾಯಿಸುವ ಮೊದಲು ಕೇಳಿ ಮಾಡೋಣ ಎಂದು ಬರೆದೆ.

ಉತ್ತರ: ಘಾಟ್ಕೋಪರ್‌ನಿಂದ

ಮೇಡಂ, ಬ್ಲಿಂಕ್ ಎಂಬ ಪ್ಲಗಿನ್ ನೋಡಿ. ನಾನು ಸಿಎಂಪಿಯಿಂದ ಅದಕ್ಕೆ ಬಂದವನು. ಸಿಎಂಪಿಯಲ್ಲಿ ಲ್ಯಾಂಗ್ವೇಜ್ ಸರ್ವರ್ (ಕೋಡ್ ಓದಿ ಹೆಸರು ಸೂಚಿಸುವ, ನಮ್ಮ ಯಂತ್ರದಲ್ಲೇ ಓಡುವ ಪ್ರೋಗ್ರಾಮು) ಕೊಡುವ ಪದಗಳಿಗೆ ಒಂದು ಪ್ಲಗಿನ್, ಫೈಲಿನ ಪದಗಳಿಗೆ ಇನ್ನೊಂದು, ಪಾಥ್‌ಗೆ ಮತ್ತೊಂದು ಎಂದು ಜೋಡಿಸಬೇಕು. ಬ್ಲಿಂಕ್‌ನಲ್ಲಿ ಇವೆಲ್ಲ ಒಳಗೇ ಇವೆ. ಪದ ಹೊಂದಿಸುವ ಭಾಗ ರಸ್ಟ್ ಭಾಷೆಯಲ್ಲಿದೆ. ತಯಾರಾದ ಫೈಲನ್ನೇ ಇಳಿಸಿಕೊಳ್ಳುತ್ತದೆ, ಅದು ಸಿಗದಿದ್ದರೆ ಲುವಾ ಭಾಷೆಯಲ್ಲಿರುವುದನ್ನು ಬಳಸಲು ಹೇಳಬಹುದು.

ನಿಮ್ಮ ಎಂಟರ್ ಸಮಸ್ಯೆಗೂ ಅದೇ ಮದ್ದು. ಬ್ಲಿಂಕ್‌ನ ಮೂಲ ಕೀಲಿ ಜೋಡಣೆಯಲ್ಲಿ ಪದ ಒಪ್ಪಿಕೊಳ್ಳುವುದು ಕಂಟ್ರೋಲ್ ವೈ. ಎಂಟರ್ ಒತ್ತಿದರೆ ಹೊಸ ಸಾಲು, ಬೇರೇನೂ ಆಗುವುದಿಲ್ಲ. ಫ್ಯಾನಿನ ಬಗ್ಗೆ ನನಗೆ ಹೇಳಲು ಬರುವುದಿಲ್ಲ, ನನ್ನದು 16 ಜಿಬಿ.

ಉತ್ತರ: ಮಡಗಾಂವ್‌ನಿಂದ

ತಂಗೀ, ನಾನು ಕಾರವಾರದವನು. ಇಲ್ಲಿ ಕಾಲೇಜಿನ ಲ್ಯಾಬಿನಲ್ಲಿ ಮಕ್ಕಳಿಗೆ ಸಿ ಮತ್ತು ಪೈಥಾನ್ ಹೇಳಿಕೊಡುತ್ತೇನೆ. ಲ್ಯಾಬಿನ ಕಂಪ್ಯೂಟರುಗಳಲ್ಲಿ ಬರೀ ವಿಮ್, ಪ್ಲಗಿನ್ ಹಾಕಲು ನಮಗೆ ಅಧಿಕಾರವಿಲ್ಲ. ಹಾಗಾಗಿ ಒಳಗೇ ಇರುವುದನ್ನು ಕಲಿಯಬೇಕಾಯಿತು. ಕಲಿತ ಮೇಲೆ ನನ್ನ ಸ್ವಂತ ಯಂತ್ರದಲ್ಲೂ ಪ್ಲಗಿನ್ ಬೇಕೆನಿಸಲಿಲ್ಲ.

ಎರಡಕ್ಷರ ಬರೆದು ಕಂಟ್ರೋಲ್ ಪಿ ಒತ್ತಿ. ಕರ್ಸರ್‌ನಿಂದ ಹಿಂದಕ್ಕೆ ಹುಡುಕುತ್ತಾ ಹೋಗುತ್ತದೆ, ಅಂದರೆ ಈಗಷ್ಟೇ ಬರೆದ ಹೆಸರು ಮೊದಲು ಸಿಗುತ್ತದೆ. ನಾವು ಬರೆಯುವ ಹೆಸರುಗಳಲ್ಲಿ ಬಹುಪಾಲು ಹತ್ತು ಸಾಲು ಮೇಲೆಯೇ ಇರುತ್ತವೆ ಅಲ್ಲವೇ? ಕಂಟ್ರೋಲ್ ಎಕ್ಸ್ ಒತ್ತಿ ಕಂಟ್ರೋಲ್ ಎಫ್ ಒತ್ತಿದರೆ ಫೈಲಿನ ಹೆಸರು. ಕಂಟ್ರೋಲ್ ಎಕ್ಸ್, ಕಂಟ್ರೋಲ್ ಎಲ್ ಎಂದರೆ ಇಡೀ ಸಾಲು. ಕಂಟ್ರೋಲ್ ಎಕ್ಸ್, ಕಂಟ್ರೋಲ್ ಒ ಎಂದರೆ ಭಾಷೆ ಅರಿತು ಕೊಡುವ ಪಟ್ಟಿ, ಅದು 2006ರಲ್ಲಿ ವಿಮ್ 7ರೊಂದಿಗೇ ಬಂತು. ಕೇಳಿದಾಗ ಮಾತ್ರ ಮೆನು ಬರುತ್ತದೆ. ನಿಮ್ಮ ಟೋಟಲ್‌ಗೆ ಬಾಲ ಅಂಟಿಕೊಂಡದ್ದು ಕೇಳದೆ ಬಂದ ಮೆನುವಿನಿಂದ.

ಒಂದು ಎಚ್ಚರಿಕೆ, ಸಿ ಬರೆಯುವವರಿಗೆ. ಲ್ಯಾಬಿನಲ್ಲಿ ಮಕ್ಕಳು ಕಂಟ್ರೋಲ್ ಎನ್ ಒತ್ತಿದರೆ ಕೆಳಗೆ ಸ್ಕ್ಯಾನಿಂಗ್ ಎಂದು ತೋರಿಸುತ್ತಾ ನಿಂತುಬಿಡುತ್ತಿತ್ತು. ವಿಮ್‌ನ ಕಂಪ್ಲೀಟ್ ಎಂಬ ಸೆಟ್ಟಿಂಗ್‌ನಲ್ಲಿ ಐ ಎಂಬ ಅಕ್ಷರವಿದೆ. ಅದಿದ್ದರೆ ಇನ್‌ಕ್ಲೂಡ್ ಮಾಡಿದ ಪ್ರತಿಯೊಂದು ಹೆಡರನ್ನೂ, ಅದರೊಳಗಿನ ಹೆಡರನ್ನೂ ತೆರೆದು ಓದುತ್ತದೆ. ಆ ಒಂದಕ್ಷರ ತೆಗೆದೆ, ಸರಿಹೋಯಿತು. ನಿಯೋವಿಮ್‌ನವರು ಮೊದಲಿನಿಂದಲೇ ಅದನ್ನು ಬಿಟ್ಟಿದ್ದಾರೆ.

ಪ್ರತಿ ವರ್ಷ ಮೊದಲ ತರಗತಿಯಲ್ಲಿ ನಾನು ವಿಮ್ ತೆರೆದು ಸುಮ್ಮನೆ ಒಂದು ನಿಮಿಷ ಬಿಡುತ್ತೇನೆ. ಅದರ ಮೊದಲ ಪರದೆಯಲ್ಲಿರುವ, ಉಗಾಂಡಾದ ಬಡ ಮಕ್ಕಳಿಗೆ ನೆರವಾಗಿ ಎಂಬ ಸಾಲನ್ನು ಮಕ್ಕಳು ಓದಲಿ ಎಂದು. ವಿಮ್ ಬರೆದ ಬ್ರಾಮ್ ಮೂಲೆನಾರ್ 1991ರಿಂದ ತೀರಿಕೊಳ್ಳುವ ತನಕ, 2023ರ ಆಗಸ್ಟ್ ತನಕ, ಇದನ್ನು ನೋಡಿಕೊಂಡರು. ಅಂಥವರು ಕೂತು ಮಾಡಿಟ್ಟದ್ದನ್ನು ಮೊದಲು ಬಳಸಿ ನೋಡಿ, ಆಮೇಲೆ ಹೊರಗೆ ಹುಡುಕಿ ಎಂದು ನನ್ನ ಕೋರಿಕೆ.

ಉತ್ತರ: ಪುಣೆ, ಚಿಂಚವಡದಿಂದ

ಅಕ್ಕಾರ, ನಿಮ್ಮ ಪ್ರಶ್ನೆ ಎರಡ ಸರತೆ ಓದಿದೆ. ಯಾವ ಪ್ಲಗಿನ್ ಅಂತ ಕೇಳೀರಿ, ಆದ್ರ ಉತ್ತರದ ಅರ್ಧ ನೀವ ಬರದೀರಿ: "ಫ್ಯಾನು ಎರಡರಲ್ಲೂ ಒಂದೇ ಥರ". ಕೋಕ್ ತಗದ್ರೂ ಫ್ಯಾನ್ ತಿರುಗ್ತು, ಸಿಎಂಪಿ ಹಾಕಿದ್ರೂ ತಿರುಗ್ತು ಅಂದ್ರ, ಎರಡರ ಹಿಂದೂ ಇದ್ದದ್ದು ಯಾವುದು? ಪೈಥಾನ್ ಸರ್ವರ್. ನೀವು ಹಾಕಿದ್ದು ಪೈರೈಟ್ ಇರಬೇಕು, ಭಾಳ ಮಂದಿ ಅದನ್ನ ಹಾಕತಾರ.

ಇದು ನನಗ ತಿಳಿಯೂದಕ್ಕ ನಾಕ ವರ್ಷ ಹಿಡೀತು, ಅದಕ್ಕ ಬಿಡಿಸಿ ಹೇಳ್ತೀನಿ. ನಾನು ಧಾರವಾಡದಾಂವ, ಇಲ್ಲಿ ಗಾಡಿಗೋಳ ಕಂಟ್ರೋಲರ್‌ಗೆ ಸಿ ಬರೀತೀನಿ. ಮೊದಲ ಯುಕಂಪ್ಲೀಟ್‌ಮಿ ಅನ್ನೋ ಪ್ಲಗಿನ್ ಹಾಕಬೇಕಂತ ಕುಂತೆ. ಅದನ್ನ ನಮ್ಮ ಯಂತ್ರದಾಗ ಕಂಪೈಲ್ ಮಾಡಬೇಕು. ನನ್ನ ಹಳೆ ಯಂತ್ರದಾಗ ಮೆಮೊರಿ ಸಾಲದ ನಡುವ ಸತ್ತು ಹೋಗೂದು, ಮತ್ತ ಶುರು ಮಾಡೂದು, ಮತ್ತ ಸಾಯೂದು. ಒಂದು ರವಿವಾರ ಪೂರ್ತಿ ಹೋತು. ಆಮ್ಯಾಲ ಕೋಕ್ ಹಾಕಿದೆ. ಅದಕ್ಕ ನೋಡ್‌ಜೆಎಸ್ ಬೇಕು, ಆಫೀಸಿನ ಪ್ರಾಕ್ಸಿ ಅದರ ಎಕ್ಸ್‌ಟೆನ್ಷನ್ ಇಳಸಾಕ ಬಿಡಲಿಲ್ಲ. ಆಮ್ಯಾಲ ಸಿಎಂಪಿ. ಎಲ್ಲಾದರಾಗೂ ನನ್ನ ಪರದೆ ತುಂಬ ಕೆಂಪು ಗೆರಿ, ಸ್ಟಡ್‌ಇಂಟ್ ಹೆಡರ್ ಸಿಗವಲ್ದು ಅಂತ. ಪ್ಲಗಿನ್ ಕೆಟ್ಟೈತಿ ಅಂತ ನಾನು ಮೂರು ಪ್ಲಗಿನ್ ಬದಲಿ ಮಾಡಿದೆ.

ಖರೇ ಕಾರಣ ಏನಿತ್ತು? ನನ್ನ ಕೋಡ್ ಆರ್ಮ್ ಚಿಪ್ಪಿಂದು. ಅದರ ಹೆಡರ್ ಇರೂದು ಆರ್ಮ್ ಕಂಪೈಲರಿನ ಫೋಲ್ಡರಿನಾಗ. ಕ್ಲ್ಯಾಂಗ್‌ಡಿ ಅನ್ನೋ ಸಿ ಸರ್ವರಿಗೆ ಆ ಕಂಪೈಲರ್ ಎಲ್ಲೈತಿ ಅಂತ ಗೊತ್ತ ಇರಲಿಲ್ಲ. ಕ್ವೆರಿ-ಡ್ರೈವರ್ ಅಂತ ಒಂದು ಆಪ್ಷನ್ ಐತಿ, ಅದಕ್ಕ ಆ ಕಂಪೈಲರಿನ ಪಾಥ್ ಕೊಟ್ಟೆ. ಬೇರ್ ಅನ್ನೋ ಸಣ್ಣ ಪ್ರೋಗ್ರಾಮ್ ಮುಂದಿಟ್ಟು ಒಂದ ಸಲ ಮೇಕ್ ಓಡಿಸಿದೆ, ಯಾವ ಫೈಲಿಗೆ ಯಾವ ಫ್ಲ್ಯಾಗ್ ಅನ್ನೂ ಪಟ್ಟಿ ತಯಾರಾತು. ಕೆಂಪು ಗೆರಿ ಎಲ್ಲಾ ಹೋದವು. ಪ್ಲಗಿನ್ನಿಗೆ ಕೈ ಹಚ್ಚಿರಲೇ ಇಲ್ಲ.

ಮೈಕ್ರೋಸಾಫ್ಟ್‌ನವರು 2016ರಾಗ ಲ್ಯಾಂಗ್ವೇಜ್ ಸರ್ವರ್ ಪ್ರೋಟೊಕಾಲ್ ಹೊರಗ ತಂದ ಮ್ಯಾಲ ಕೆಲಸ ಎರಡು ಪಾಲಾತು. ಕೋಡ್ ಓದಿ ಅರ್ಥ ಮಾಡ್ಕೊಳ್ಳೂದು, ಇಲ್ಲಿ ಯಾವ ಹೆಸರು ಬರಬಹುದು ಅಂತ ಹೇಳೂದು ಸರ್ವರ್. ಅದನ್ನ ಮೆನು ಮಾಡಿ ತೋರಿಸೂದು, ಯಾವ ಕೀಲಿ ಒತ್ತಿದ್ರ ಒಪ್ಪಬೇಕು ಅನ್ನೂದು ಪ್ಲಗಿನ್. ಮೆಮೊರಿ ತಿನ್ನಾಂವ ಸರ್ವರ್. ಫ್ಯಾನ್ ತಿರಗಸಾಂವ ಸರ್ವರ್. ನಿಮ್ಮ ಎರಡು ತೊಂದರಿಯೊಳಗ ಎಂಟರ್‌ದು ಪ್ಲಗಿನ್ ಪಾಲು, ಫ್ಯಾನಿಂದು ಸರ್ವರ್ ಪಾಲು. ಎರಡಕ್ಕೂ ಒಂದ ಮದ್ದು ಹುಡುಕಿದ್ರ ಸಿಗಂಗಿಲ್ಲ.

ಎಂಟರ್‌ದು ಈಗ ಹೇಳ್ತೀನಿ. ನಿಮ್ಮ ಸಿಎಂಪಿ ಸೆಟ್ಟಿಂಗ್‌ನಾಗ ಎಂಟರ್ ಕೀಲಿಯ ಸಾಲು ನೋಡ್ರಿ. ಕನ್ಫರ್ಮ್ ಅಂತ ಇರತೈತಿ, ಅದರೊಳಗ ಸೆಲೆಕ್ಟ್ ಟ್ರೂ ಅಂತ. ಅದರ ಅರ್ಥ, ನೀವು ಏನೂ ಆರಿಸದಿದ್ರೂ ಮೊದಲಿನದನ್ನ ಆರಿಸಿದಂಗ ತಿಳ್ಕೊಂಡು ತುಂಬು ಅಂತ. ಅದನ್ನ ಫಾಲ್ಸ್ ಮಾಡ್ರಿ. ಬಾಣದ ಕೀಲಿಯಿಂದ ಇಲ್ಲಾ ಕಂಟ್ರೋಲ್ ಎನ್ ಒತ್ತಿ ನೀವ ಆರಿಸಿದ್ರ ಮಾತ್ರ ಎಂಟರ್ ಒಪ್ಪತೈತಿ. ಹತ್ತು ಸೆಕೆಂಡಿನ ಕೆಲಸ, ಇವತ್ತ ರಾತ್ರೀನ ಮಾಡ್ರಿ. ದುಡ್ಡಿನ ಲೆಕ್ಕದ ಕೋಡಿನಾಗ ಅದು ಟ್ರೂ ಇರಬಾರದು.

ಫ್ಯಾನಿಗೆ ಮೂರು ತಪಾಸಣಿ ಮಾಡಿ ಇಲ್ಲಿ ಬರೀರಿ. ಎಚ್‌ಟಾಪ್ (ಯಾವ ಪ್ರೋಗ್ರಾಮ್ ಯಂತ್ರಕ್ಕ ಎಷ್ಟು ಕೆಲಸ ಹಚ್ಚೈತಿ ಅಂತ ತೋರಸೂದು) ತಗದು ಮ್ಯಾಲ ಯಾವುದೈತಿ ನೋಡ್ರಿ. ನಿಯೋವಿಮ್‌ನಾಗ ಚೆಕ್‌ಹೆಲ್ತ್ ಕಮಾಂಡಿಗೆ ವಿಮ್ ಚುಕ್ಕಿ ಎಲ್‌ಎಸ್‌ಪಿ ಅಂತ ಕೊಡ್ರಿ. ಅದರಾಗ ರೂಟ್ ಡೈರೆಕ್ಟರಿ ಅಂತ ಒಂದ ಸಾಲು ಬರತೈತಿ, ಅದು ಯಾವ ಫೋಲ್ಡರ್? ಕಡೀಕ, ನಿಮ್ಮ ಪೈರೈಟ್ ಸೆಟ್ಟಿಂಗ್‌ನಾಗ ಡಯಾಗ್ನಾಸ್ಟಿಕ್‌ಮೋಡ್ ಅಂತಿದ್ರ ಅದರ ಮುಂದ ಏನೈತಿ?

ಪ್ರಶ್ನೆ ಕೇಳಿದವರು: ಡೊಂಬಿವಲಿ

ಅಣ್ಣಾ, ಇಷ್ಟು ಬಿಡಿಸಿ ಬರೆದದ್ದಕ್ಕೆ ಹೇಗೆ ಥ್ಯಾಂಕ್ಸ್ ಹೇಳಲಿ. ನಿನ್ನೆ ರಾತ್ರಿ ಮೂರನ್ನೂ ನೋಡಿದೆ.

ಎಂಟರ್ ಸರಿಯಾಯಿತು. ನೀವು ಹೇಳಿದ ಸಾಲು ಹಾಗೇ ಇತ್ತು, ಸೆಲೆಕ್ಟ್ ಟ್ರೂ. ಎರಡು ತಿಂಗಳಿಂದ ನನ್ನ ಕಣ್ಣೆದುರೇ ಇತ್ತು.

ಎಚ್‌ಟಾಪ್‌ನಲ್ಲಿ ಮೇಲೆ ಇದ್ದದ್ದು ನೋಡ್ (ನೋಡ್‌ಜೆಎಸ್), ಅದರ ಸಾಲಿನ ಕೊನೆಗೆ ಪೈರೈಟ್ ಎಂದಿತ್ತು. ನಿಯೋವಿಮ್ ಎಲ್ಲೋ ಕೆಳಗೆ. ರೂಟ್ ಡೈರೆಕ್ಟರಿ ಬಂದದ್ದು ಬಿಲ್ಲಿಂಗ್ ಫೋಲ್ಡರ್ ಅಲ್ಲ, ಅದರ ಮೇಲಿನ "ಕೆಲಸ" ಎಂಬ ಫೋಲ್ಡರ್. ಎಲ್ಲ ಗಿರಾಕಿಗಳ ಕೆಲಸವೂ ಅದರೊಳಗೇ ಇರುವುದು. ಡಯಾಗ್ನಾಸ್ಟಿಕ್‌ಮೋಡ್ ಎಂದು ಇದೆ, ಮುಂದೆ ವರ್ಕ್‌ಸ್ಪೇಸ್ ಎಂದಿದೆ. ಕೋಕ್ ಇದ್ದಾಗಲೂ ಅದೇ ವಿಡಿಯೋದಿಂದ ಅದನ್ನೇ ಹಾಕಿದ್ದೆ.

ಉತ್ತರ: ಚಿಂಚವಡದಿಂದ

ಸಿಕ್ತು ನೋಡ್ರಿ ಅಕ್ಕಾರ. ಆ "ಕೆಲಸ" ಫೋಲ್ಡರಿನಾಗ ಎಂದರ ಗಿಟ್ (ಕೋಡಿನ ಬದಲಾವಣಿ ಕಾಯ್ದಿಡೂ ಪ್ರೋಗ್ರಾಮ್) ಶುರು ಮಾಡಿದ್ರೇನು? ಎಲ್‌ಎಸ್ ಕಮಾಂಡಿಗೆ ಎ ಹಚ್ಚಿ ನೋಡ್ರಿ, ಚುಕ್ಕಿಗಿಟ್ ಅಂತ ಫೋಲ್ಡರ್ ಇರತೈತಿ.

ನಡಿಯೂದು ಹಿಂಗ. ನೀವು ಫೈಲ್ ತಗದ ಕೂಡಲೇ, ಈ ಕೆಲಸದ ಬೇರು ಎಲ್ಲೈತಿ ಅಂತ ನಿಯೋವಿಮ್ ಒಂದೊಂದ ಮೆಟ್ಟಿಲ ಮ್ಯಾಲ ಹತ್ತಿ ಹುಡುಕತೈತಿ. ಪೈಪ್ರಾಜೆಕ್ಟ್ ಫೈಲ್, ರಿಕ್ವೈರ್‌ಮೆಂಟ್ಸ್ ಫೈಲ್, ಪೈರೈಟ್‌ಕಾನ್ಫಿಗ್ ಫೈಲ್, ಚುಕ್ಕಿಗಿಟ್, ಇಂಥವು ಗುರ್ತು. ನಿಮ್ಮ ಬಿಲ್ಲಿಂಗ್ ಫೋಲ್ಡರಿನಾಗ ಒಂದೂ ಗುರ್ತಿಲ್ಲ. ಹತ್ತಿ ಹೋಗಿ "ಕೆಲಸ"ದಾಗ ಚುಕ್ಕಿಗಿಟ್ ಕಾಣ್ತು, ಇದ ಬೇರು ಅಂತ ತಿಳೀತು. ಅದರ ಮ್ಯಾಲ ವರ್ಕ್‌ಸ್ಪೇಸ್ ಅಂತ ಬ್ಯಾರೆ ಬರದೀರಿ. ಅಂದ್ರ ನೀವು ತಗದ ಫೈಲ್ ಅಷ್ಟ ಅಲ್ಲ, ಬೇರಿನ ಕೆಳಗಿನ ಪ್ರತಿಯೊಂದು ಪೈಥಾನ್ ಫೈಲ್ ತಪಾಸ ಮಾಡು ಅಂತ ಹೇಳಿದಂಗ. ಪಾಪ, ಆ 4 ಜಿಬಿ ಯಂತ್ರ ನಿಮ್ಮ ಎಲ್ಲಾ ಗಿರಾಕಿಗಳ ಕೋಡೂ ಓದಾಕ ಹತ್ತೈತಿ.

ಎರಡ ಕೆಲಸ. ಬಿಲ್ಲಿಂಗ್ ಫೋಲ್ಡರಿನಾಗ ಪೈರೈಟ್‌ಕಾನ್ಫಿಗ್ ಜೇಸನ್ ಫೈಲ್ ಮಾಡ್ರಿ, ಒಳಗ ಬರೀ ಹೂವಿನ ಬ್ರ್ಯಾಕೆಟ್ ಜೋಡಿ ಹಾಕಿದ್ರೂ ಸಾಕು, ಗುರ್ತಿಗೆ. ವರ್ಕ್‌ಸ್ಪೇಸ್ ಇದ್ದಲ್ಲೆ ಓಪನ್‌ಫೈಲ್ಸ್‌ಓನ್ಲಿ ಅಂತ ಬರೀರಿ. ಮುಂದ ಎಂದರ ಅದ ಫೈಲಿನಾಗ ಎಕ್ಸ್‌ಕ್ಲೂಡ್ ಪಟ್ಟಿ ಹಾಕೂದಿದ್ರ ಒಂದ ಲಕ್ಷ್ಯ ಇರಲಿ: ನೀವು ಪಟ್ಟಿ ಕೊಟ್ಟ ಕೂಡಲೇ ಪೈರೈಟ್ ತಾನಾಗಿ ಬಿಡ್ತಿದ್ದ ನೋಡ್ ಮಾಡ್ಯೂಲ್ಸ್, ಪೈಕ್ಯಾಶ್, ಚುಕ್ಕಿಯಿಂದ ಶುರು ಆಗೂ ಫೋಲ್ಡರ್ ಇವನ್ನ ಬಿಡೂದಿಲ್ಲ. ಅವನ್ನೂ ನಿಮ್ಮ ಪಟ್ಟಿಯಾಗ ಮತ್ತ ಬರೀಬೇಕು.

ಇಷ್ಟಾದ ಮ್ಯಾಲ ಪ್ಲಗಿನ್ ಆರಸ್ರಿ. ಬ್ಲಿಂಕ್ ಅಂದವರ ಮಾತು ಖರೆ, ಸೆಟ್ಟಿಂಗ್ ಕಡಿಮಿ. ಆದ್ರ ನಿಮ್ಮಂಥ ಯಂತ್ರಕ್ಕ ನಾನಾದ್ರ ಇನ್ನೂ ಒಂದ ಮೆಟ್ಟಿಲ ಕೆಳಗ ಇಳೀತಿದ್ದೆ. ನಿಯೋವಿಮ್‌ನಾಗ 2021ರ 0.5ರಿಂದ ಸರ್ವರ್ ಜೋಡಿ ಮಾತಾಡೂ ಭಾಗ ಒಳಗ ಐತಿ. ನಿಮ್ಮ 0.11ರಾಗ ಕಂಪ್ಲೀಷನ್ನೂ ಒಳಗ ಬಂದೈತಿ, ಆಟೋಟ್ರಿಗರ್ ಹಾಕಿದ್ರ ಚುಕ್ಕಿ ಒತ್ತಿದಾಗ ಮೆನು ತಾನ ಬರತೈತಿ. ಪ್ರತಿ ಅಕ್ಷರಕ್ಕೂ ಬರಂಗಿಲ್ಲ. ಕಂಪ್ಲೀಟ್‌ಆಪ್ಟ್ ಸೆಟ್ಟಿಂಗ್‌ನಾಗ ಮೆನುಒನ್, ನೋಸೆಲೆಕ್ಟ್ ಎರಡೂ ಇಡ್ರಿ, ಅಂದ್ರ ಒಂದ ಹೆಸರಿದ್ರೂ ಮೆನು ಬರತೈತಿ, ನೀವು ಆರಿಸದ ಯಾವುದೂ ತುಂಬಂಗಿಲ್ಲ. ಉಳಿದ ಹೆಸರಿಗೆ ಮಡಗಾಂವ್ ಸರ್ ಹೇಳಿದ ಕಂಟ್ರೋಲ್ ಪಿ ಐತಲ್ಲ. ಅವರು ಹೇಳಿದ್ದನ್ನ ನಾನು ಒಪ್ಪದ ಇರೂದು ಒಂದ ಕಡೆ: ಬ್ಯಾರೆಯವರು ಬರೆದ ಲೈಬ್ರರಿ ಬಳಸೂವಾಗ ಅದರ ಹೆಸರು ಹತ್ತು ಸಾಲು ಮ್ಯಾಲ ಇರಂಗಿಲ್ಲ, ಅಲ್ಲಿ ಸರ್ವರ್ ಬೇಕ ಬೇಕು.

ಉತ್ತರ: ಮಡಗಾಂವ್‌ನಿಂದ

ಅದು ಒಪ್ಪತಕ್ಕ ಮಾತು. ನಮ್ಮ ಲ್ಯಾಬಿನ ಕೆಲಸವೆಲ್ಲ ಮಕ್ಕಳದೇ ಕೋಡು, ದೊಡ್ಡ ಲೈಬ್ರರಿ ಬರುವುದು ಕಡಿಮೆ. ಅದಕ್ಕೆ ನನಗೆ ಕೊರತೆ ಕಂಡಿರಲಿಲ್ಲ. ತಂಗೀ, ಒಂದು ವಿಷಯ: ನಿಯೋವಿಮ್‌ಗೆ ಸರ್ವರ್ ಸೇರಿದ ಮೇಲೆ ಕಂಟ್ರೋಲ್ ಎಕ್ಸ್, ಕಂಟ್ರೋಲ್ ಒ ಒತ್ತಿದರೆ ಸರ್ವರಿನದೇ ಪಟ್ಟಿ ಬರುತ್ತದೆ. ಆಟೋಟ್ರಿಗರ್ ಕೂಡ ಹಾಕದೆ ಒಂದು ವಾರ ಅದರಲ್ಲೇ ನಡೆಸಿ ನೋಡಬಹುದು.

ಪ್ರಶ್ನೆ ಕೇಳಿದವರು: ಡೊಂಬಿವಲಿ

ಚುಕ್ಕಿಗಿಟ್ ಇತ್ತು, ಅಣ್ಣಾ. ಎಲ್ಲ ಕೆಲಸಕ್ಕೂ ಒಂದೇ ಬ್ಯಾಕಪ್ ಇರಲಿ ಎಂದು ಹಿಂದೊಮ್ಮೆ ನಾನೇ ಮಾಡಿದ್ದು. ಆ ಫೋಲ್ಡರಿನಲ್ಲಿ ಹಳೆಯ ನಾಲ್ಕು ಗಿರಾಕಿಗಳ ಕೆಲಸ, ಅದರ ನಕಲುಗಳು, ಸಾಲದ್ದಕ್ಕೆ ಕಲಿಯಲು ಇಳಿಸಿಕೊಂಡ ಜಾಂಗೋ ಎಂಬ ದೊಡ್ಡ ಪೈಥಾನ್ ಫ್ರೇಮ್‌ವರ್ಕಿನ ಪೂರ್ತಿ ಮೂಲ ಕೋಡು. ಪೈರೈಟ್ ಪ್ರತಿ ರಾತ್ರಿ ಜಾಂಗೋ ಓದುತ್ತಿತ್ತು.

ಪೈರೈಟ್‌ಕಾನ್ಫಿಗ್ ಫೈಲ್ ಮಾಡಿದೆ, ಓಪನ್‌ಫೈಲ್ಸ್‌ಓನ್ಲಿ ಬರೆದೆ, ನಿಯೋವಿಮ್ ಮುಚ್ಚಿ ತೆರೆದೆ. ಚೆಕ್‌ಹೆಲ್ತ್‌ನಲ್ಲಿ ಈಗ ರೂಟ್ ಎಂದರೆ ಬಿಲ್ಲಿಂಗ್ ಫೋಲ್ಡರ್. ಎಚ್‌ಟಾಪ್‌ನಲ್ಲಿ ನೋಡ್ ಒಂದು ಕ್ಷಣ ಮೇಲೆದ್ದು ಕೆಳಗಿಳಿಯಿತು. ಫ್ಯಾನು ತಿರುಗುತ್ತದೆ, ಆದರೆ ಸಿಂಕಿನ ನಲ್ಲಿಯಿಂದ ನೀರು ತೊಟ್ಟಿಕ್ಕುವುದು ಕೇಳಿಸುವಷ್ಟು ಮೆಲ್ಲಗೆ.

ಸಿಎಂಪಿ ತೆಗೆದೆ. ಜೊತೆಗಿದ್ದ ನಾಲ್ಕು ಸಣ್ಣ ಪ್ಲಗಿನ್‌ಗಳೂ ಹೋದವು. ಒಳಗಿನ ಕಂಪ್ಲೀಷನ್‌ಗೆ ಆಟೋಟ್ರಿಗರ್ ಹಾಕಿದ್ದೇನೆ, ಚುಕ್ಕೆಗೆ ಬರುತ್ತದೆ, ಉಳಿದದ್ದಕ್ಕೆ ಕಂಟ್ರೋಲ್ ಪಿ. ಮೊದಲ ದಿನ ಕೈ ತಡವರಿಸಿತು, ಮೆನು ಬರಲಿ ಎಂದು ಕಾದು ಕೂತಿದ್ದೂ ಉಂಟು. ಮೂರನೆಯ ದಿನಕ್ಕೆ ಒಗ್ಗಿತು. ಪದ ಒಪ್ಪುವುದನ್ನು ಕಂಟ್ರೋಲ್ ವೈಗೆ ರೂಢಿ ಮಾಡುತ್ತಿದ್ದೇನೆ, ಘಾಟ್ಕೋಪರ್‌ನವರು ಹೇಳಿದ ಹಾಗೆ. ಎಂಟರ್ ಈಗ ಹೊಸ ಸಾಲಿಗೆ ಮಾತ್ರ.

ಆ ಫಂಕ್ಷನ್ನಿಗೆ ಒಂದು ಟೆಸ್ಟ್ ಕೂಡ ಬರೆದಿಟ್ಟೆ: 10,000 ಕೊಟ್ಟರೆ ಬಿಲ್ಲಿನಲ್ಲಿ 11,800 ಬರಬೇಕು. ನಿನ್ನೆ ಒಂದೂವರೆಗೆ ಮುಗಿಸಿ ಎದ್ದೆ, ಮಗಳು ಹೊರಳಲೂ ಇಲ್ಲ. ಬೇರೆ ಗಿರಾಕಿಗಳ ಫೋಲ್ಡರಿಗೂ ಒಂದೊಂದು ಪೈರೈಟ್‌ಕಾನ್ಫಿಗ್ ಹಾಕುವುದು ಬಾಕಿ ಇದೆ, ಅದನ್ನು ಈ ಆದಿತ್ಯವಾರ ಹಗಲಲ್ಲೇ ಮಾಡುತ್ತೇನೆ.